ಇಪ್ಪತ್ತಾರರ ಮಳೆ, ಇಪ್ಪತ್ತೇಳರ ಪುಟ

ಮುಂಬಯಿಯಲ್ಲಿ 2005ರ ಆ ಮಹಾಮಳೆ ಬಿದ್ದದ್ದು ಯಾವತ್ತು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ಜುಲೈ 26. ರಿಕ್ಷಾದವರು, ಬ್ಯಾಂಕಿನವರು, ಆಗ ಇನ್ನೂ ಹುಟ್ಟಿಯೇ ಇರದ ಕಾಲೇಜು ಹುಡುಗರು, ಎಲ್ಲರೂ ‘ಸವ್ವೀಸ್ ಜುಲೈ’ ಅಂದುಬಿಡುತ್ತಾರೆ. ಇಸವಿ ಹೇಳಬೇಕಾಗಿಯೇ ಇಲ್ಲ. ಆದರೆ ಭಾರತೀಯ ಹವಾಮಾನ ಇಲಾಖೆಯ ದಾಖಲೆಯಲ್ಲಿ ಸಾಂತಾಕ್ರೂಜ್‌ನ ಆ 944.2 ಮಿ.ಮೀ. ಮಳೆ ಕೂತಿರುವುದು ಜುಲೈ 27ರ ಎದುರಿಗೆ. 26ರ ಸಾಲಿನಲ್ಲಿರುವುದು ಅದರ ಹಿಂದಿನ ಬೆಳಿಗ್ಗೆಯಿಂದ ಬಿದ್ದ ಮಳೆಯ ಲೆಕ್ಕ.

ಇದು ಯಾರೋ ಗುಮಾಸ್ತರ ಕೈತಪ್ಪಲ್ಲ. ನಮ್ಮ ದೇಶದಲ್ಲಿ ಮಳೆಯ ದಿನ ಬದಲಾಗುವುದು ನಡುರಾತ್ರಿಗಲ್ಲ, ಬೆಳಿಗ್ಗೆ ಎಂಟೂವರೆಗೆ. ಆ ಹೊತ್ತಿಗೆ ವೀಕ್ಷಕರು ಮಳೆಮಾಪಕದ ಹತ್ತಿರ ಹೋಗಿ, ನಿನ್ನೆ ಎಂಟೂವರೆಯಿಂದ ಈಚೆಗೆ ಕೂಡಿದ ನೀರನ್ನು ಅಳೆದು, ಅಳೆದ ದಿನದ ತಾರೀಖಿಗೆ ಬರೆಯುತ್ತಾರೆ. ಎಂಟೂವರೆಯೇ ಯಾಕೆ ಎಂದರೆ, ಗ್ರೀನಿಚ್ ಗಡಿಯಾರದಲ್ಲಿ ಆಗ ಸರಿಯಾಗಿ ಮೂರು ಗಂಟೆ. ಜಗತ್ತಿನ ಹವಾಮಾನ ಕೇಂದ್ರಗಳು ಮೂರು ಮೂರು ಗಂಟೆಗೊಮ್ಮೆ ಏಕಕಾಲಕ್ಕೆ ಉಪಕರಣ ಓದುತ್ತವಲ್ಲ, ಆ ಹೊತ್ತುಗಳಲ್ಲಿ ಅದೊಂದು. ಹಾಗಾಗಿ 26ರ ಮಧ್ಯಾಹ್ನ ಸುರಿದದ್ದೆಲ್ಲ 27ರ ಪುಟಕ್ಕೆ ಹೋಯಿತು. ತಮಾಷೆ ನೋಡಿ, ಬ್ರಿಟನ್ನಿನಲ್ಲೂ ಮಳೆ ಅಳೆಯುವುದು ಬೆಳಿಗ್ಗೆ ಒಂಬತ್ತಕ್ಕೇ, ಆದರೆ ಅಲ್ಲಿ ಅದನ್ನು ಹಿಂದಿನ ದಿನದ ಖಾತೆಗೆ ಹಾಕುವ ರೂಢಿ. ಅದೇ ಮಳೆ ಮ್ಯಾಂಚೆಸ್ಟರಿನಲ್ಲಿ ಬಿದ್ದಿದ್ದರೆ 26ರಲ್ಲೇ ಇರುತ್ತಿತ್ತು. ಆಸ್ಟ್ರೇಲಿಯಾದವರು ಒಂಬತ್ತಕ್ಕೆ ಅಳೆದು ನಮ್ಮ ಹಾಗೆ ಅಳೆದ ದಿನಕ್ಕೇ ಬರೆಯುತ್ತಾರೆ.

ಇಷ್ಟು ಗೊತ್ತಾದ ಮೇಲೆ ‘ಇತಿಹಾಸದಲ್ಲಿ ಈ ದಿನ: ಹವಾಮಾನ’ ಎಂಬ ಪಟ್ಟಿಗಳನ್ನು ಮೊದಲಿನ ಹಾಗೆ ಓದಲು ನನಗೆ ಆಗುತ್ತಿಲ್ಲ. ಒಂದು ಊರು, ಒಂದು ತಾರೀಖು, ಆ ದಿನದ ಅತಿ ಹೆಚ್ಚು ಸೆಖೆ, ಅತಿ ಹೆಚ್ಚು ಚಳಿ, ಅತಿ ಹೆಚ್ಚು ಮಳೆ, ಎದುರಿಗೆ ಇಸವಿ. ನೋಡಲು ಎಷ್ಟು ಅಚ್ಚುಕಟ್ಟು! ಹುಟ್ಟಿದ ದಿನದ್ದೋ ಮದುವೆಯ ದಿನದ್ದೋ ಹುಡುಕುವ ಚಟ ಯಾರಿಗಿಲ್ಲ? ನನ್ನ ಚಟ ಜುಲೈ 26ರದ್ದು, ಮುಂಬಯಿಯದ್ದು. ಬಹಳ ವರ್ಷದಿಂದ ಈ ಒಂದು ಮನೆಗೆ ಹೊಕ್ಕು ಹೊರಡುತ್ತಿದ್ದೇನೆ.

ಉಷ್ಣಾಂಶದ ಮಟ್ಟಿಗೆ ಈ ತಾರೀಖು ಸಪ್ಪೆ. ಜುಲೈ ಕೊನೆಯ ಮುಂಬಯಿಯಲ್ಲಿ ಹಗಲು ಮೂವತ್ತರ ಆಸುಪಾಸು, ರಾತ್ರಿ ಇಪ್ಪತ್ತೈದರ ಆಸುಪಾಸು, ಯಾವ ವರ್ಷ ತೆಗೆದರೂ ಹೆಚ್ಚುಕಡಿಮೆ ಅಷ್ಟೇ. ಮೋಡ ಮುಚ್ಚಿಕೊಂಡ ಕಡಲಂಚಿನ ಊರಿಗೆ ಬಿಸಿಯಾಗಲೂ ಬಿಡುವಿಲ್ಲ, ತಣಿಯಲೂ ಬಿಡುವಿಲ್ಲ. ಕಥೆ ಇರುವುದೆಲ್ಲ ಮಳೆಯ ಕಾಲಮ್ಮಿನಲ್ಲಿ.

ಆ ಕಾಲಮ್ಮಿನಲ್ಲಿ ಎರಡು ಸಾಲು. ಮುಂಬಯಿಗೆ ಇಲಾಖೆಯ ಎರಡು ಮುಖ್ಯ ವೀಕ್ಷಣಾಲಯಗಳಿವೆ: ತೆಂಕಣ ತುದಿಯ ಕೊಲಾಬಾ, ಉಪನಗರದಲ್ಲಿ ವಿಮಾನ ನಿಲ್ದಾಣದ ಪಕ್ಕದ ಸಾಂತಾಕ್ರೂಜ್. ನಡುವಿನ ದೂರ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. 2005ರ ಆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ 944.2 ಮಿ.ಮೀ., ಕೊಲಾಬಾದಲ್ಲಿ 73.4. ಇಲಾಖೆಯ ವರ್ಗೀಕರಣದಲ್ಲಿ 64.5 ದಾಟಿದರೆ ‘ಭಾರಿ ಮಳೆ’, 115.6ರಿಂದ ‘ಅತಿ ಭಾರಿ’, 204.4 ಮೀರಿದರೆ ‘ಅತ್ಯಂತ ಭಾರಿ’. ಅಂದರೆ ಕೊಲಾಬಾದ ಮಳೆ ಮೊದಲ ಮೆಟ್ಟಿಲನ್ನು ಹತ್ತಿ ನಿಂತಿತ್ತು ಅಷ್ಟೆ. ಸಾಂತಾಕ್ರೂಜ್‌ನದು ಕೊನೆಯ ಮೆಟ್ಟಿಲಿನ ನಾಲ್ಕೂವರೆ ಪಟ್ಟು. ಬೆಂಗಳೂರಿಗೆ ಒಂದು ಇಡೀ ವರ್ಷದಲ್ಲಿ ಬೀಳುವ ಸರಾಸರಿ ಮಳೆ ಸಾವಿರ ಮಿಲಿಮೀಟರಿಗೆ ತುಸು ಕಡಿಮೆ. ಅಷ್ಟಕ್ಕೆ ಅಷ್ಟೂ ಒಂದು ದಿನದಲ್ಲಿ, ಅದರಲ್ಲೂ ಹೆಚ್ಚಿನ ಪಾಲು ಮಧ್ಯಾಹ್ನ ಎರಡೂವರೆಯಿಂದೀಚೆಗಿನ ಕೆಲವೇ ಗಂಟೆಗಳಲ್ಲಿ.

ನಾನು ಆಗ ಫೋರ್ಟ್ ಕಡೆ ಕೆಲಸದಲ್ಲಿದ್ದೆ, ಅಂದರೆ ಕೊಲಾಬಾದ ಲೆಕ್ಕದವ. ಕಿಟಕಿಯಾಚೆ ಬೀಳುತ್ತಿದ್ದದ್ದು ಮಾಮೂಲಿ ಜುಲೈ ಮಳೆ. ಚಹಾ ಬಂತು, ಕುಡಿದೆವು. ನಾಲ್ಕು ಗಂಟೆಯ ಮೇಲೆ ಲೋಕಲ್ ನಿಂತಿದೆ ಎಂಬ ಸುದ್ದಿ ಬಂದಾಗಲೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಳೆಗಾಲದಲ್ಲಿ ಲೋಕಲ್ ನಿಲ್ಲುವುದು ಹೊಸತೇ? ಆಮೇಲೆ ಮೊಬೈಲುಗಳು ಒಂದೊಂದಾಗಿ ಸತ್ತವು. ಆ ರಾತ್ರಿ ಆಫೀಸಿನ ಮೇಜುಗಳ ಮೇಲೆ ಮಲಗಿದವರಲ್ಲಿ ನಾನೂ ಒಬ್ಬ, ಆದರೆ ಯಾಕೆ ಮಲಗಿದ್ದೇವೆ ಎಂಬುದು ನಮಗೆ ಅರ್ಥವಾದದ್ದು ಮರುದಿನದ ಮೇಲೆಯೇ. ಪಶ್ಚಿಮ ಹೆದ್ದಾರಿಯಲ್ಲಿ ಸಾವಿರಾರು ಜನ ಎದೆಮಟ್ಟದ ನೀರಿನಲ್ಲಿ ರಾತ್ರಿಯಿಡೀ ನಡೆದಿದ್ದರು. ಬಾಗಿಲು ತೆರೆಯಲಾಗದ ಕಾರುಗಳ ಒಳಗೇ ಜನ ಉಸಿರುಗಟ್ಟಿ ಸತ್ತಿದ್ದರು. ಸಾಕಿನಾಕಾದಲ್ಲಿ ಗುಡ್ಡ ಜರಿದು ಕೆಳಗಿನ ಗುಡಿಸಲುಗಳ ಮೇಲೆ ಬಿದ್ದಿತ್ತು. ತಬೇಲಾಗಳಲ್ಲಿ ಕಟ್ಟಿದಲ್ಲೇ ಎಮ್ಮೆಗಳು ಮುಳುಗಿದ್ದವು. ಮಹಾರಾಷ್ಟ್ರದಾದ್ಯಂತ ಆ ಮಳೆಗೆ ಸತ್ತವರು ಸಾವಿರಕ್ಕೂ ಹೆಚ್ಚು. ಎರಡು ದಿನ ಕಳೆದ ಮೇಲೆ ಜುಹುವಿನ ನೆಹರೂ ನಗರದಲ್ಲಿ ‘ಸುನಾಮಿ ಬಂತು’ ಎಂಬ ಗಾಳಿಸುದ್ದಿಗೆ ಜನ ಓಡಿ, ತುಳಿತಕ್ಕೆ ಸಿಕ್ಕು ಸತ್ತರು. ಹಿಂದಿನ ಡಿಸೆಂಬರಿನ ಸುನಾಮಿ ಎಲ್ಲರ ಮನಸ್ಸಿನಲ್ಲಿ ಹಸಿಯಾಗಿಯೇ ಇತ್ತು.

ಕುರ್ಲಾದಲ್ಲಿ ನನ್ನ ಚಿಕ್ಕಪ್ಪನ ಸಣ್ಣ ಹೋಟೆಲು ಇತ್ತು, ಊರಿನಿಂದ ಬಂದವರು ಮುಂಬಯಿಯಲ್ಲಿ ಮಾಡುವ ಮಾಮೂಲಿ ಇಡ್ಲಿ-ವಡೆ ಹೋಟೆಲು. ಮೀಠಿ ನದಿಗೆ ದೂರವಿಲ್ಲ. ವಿಹಾರ್, ಪವಾಯಿ ಕೆರೆಗಳ ಹೆಚ್ಚಿನ ನೀರು ಹೊತ್ತು ವಿಮಾನ ನಿಲ್ದಾಣದ ಅಡಿಯಿಂದ, ಕುರ್ಲಾ–ಕಲೀನಾ ಬದಿಯಿಂದ ಮಾಹಿಮ್ ಖಾರಿಗೆ, ಅಂದರೆ ಕಡಲ ಹಿನ್ನೀರಿಗೆ, ಹೋಗುವ ಆ ನದಿಯನ್ನು ಅಲ್ಲಿಯವರೆಗೆ ಎಷ್ಟೋ ಜನ ನಾಲೆ ಎಂದೇ ತಿಳಿದಿದ್ದರು. ದಾರಿ ತೆರೆದ ಮೇಲೆ ನಾನು ಹೋದಾಗ ಚಿಕ್ಕಪ್ಪ ಅಡುಗೆಕೋಣೆಯ ಕೆಸರನ್ನು ತಗಡಿನಲ್ಲಿ ಬಳಿದು ಹೊರಗೆ ಹಾಕುತ್ತಿದ್ದರು. ಅಕ್ಕಿ ಮೂಟೆ ಊದಿ ಒಡೆದಿತ್ತು, ಗ್ರೈಂಡರ್ ಮಗುಚಿತ್ತು, ಫ್ರಿಜ್ ತೇಲಿಕೊಂಡು ಹೋಗಿ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತ್ತು.

“ಪೇಪರಿನಲ್ಲಿ ಕೊಲಾಬಾದಲ್ಲಿ ಎಪ್ಪತ್ತಮೂರು ಮಿಲಿಮೀಟರ್ ಅಂತ ಹಾಕಿದ್ದಾರೆ, ಚಿಕ್ಕಪ್ಪ” ಎಂದೆ, ಏನೋ ಒಂದು ಮಾತಿಗೆ.

“ಎಂತ ಕೊಲಾಬಾ ಮಾರಾಯ! ಎಪ್ಪತ್ತಮೂರು ಅಂದ್ರೆ ನಮ್ಮಲ್ಲಿ ಆಟಿಯಲ್ಲಿ ಬೆಳಿಗ್ಗೆ ಹಲ್ಲುಜ್ಜುವಷ್ಟರಲ್ಲಿ ಬರ್ತದೆ. ಇಲ್ಲಿ ನೋಡು” ಎಂದು ಗೋಡೆ ತೋರಿಸಿದರು. ನೀರಿನ ಕಲೆ ನಿಂತಲ್ಲಿ ನೀಲಿ ಆಯಿಲ್ ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದರು, ಪಕ್ಕದಲ್ಲಿ ‘26-7-05’. ಗೆರೆ ನನ್ನ ಭುಜಕ್ಕಿಂತ ಮೇಲಿತ್ತು. ಅದೂ ಒಂದು ಹವಾಮಾನ ದಾಖಲೆಯೇ. ಅದಕ್ಕೊಂದು ಗೋಡೆ ಬೇಕು, ಆ ಗೋಡೆಯನ್ನು ಯಾರೂ ಕೆಡವಬಾರದು, ಮತ್ತೆ ಸುಣ್ಣ ಹೊಡೆಯುವಾಗ ಬಿಟ್ಟು ಹೊಡೆಯಬೇಕು. ಇಲಾಖೆಯ ದಾಖಲೆಗೂ ಇದೇ ಮೂರು ಷರತ್ತು ಎಂದು ನನಗೆ ಆಮೇಲಾಮೇಲೆ ಅನ್ನಿಸತೊಡಗಿತು.

ಒಂಬೈನೂರ ನಲವತ್ತನಾಲ್ಕು ಎಂಬ ಅಂಕಿ ಹುಟ್ಟುವುದು ಹೇಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಮಳೆಮಾಪಕಕ್ಕೆ 200 ಚದರ ಸೆಂಟಿಮೀಟರಿನ ಬಾಯಿ, ಊಟದ ತಟ್ಟೆಗಿಂತ ಚಿಕ್ಕದು. ಅಂಚು ನೆಲದಿಂದ ಮೂವತ್ತು ಸೆಂಟಿಮೀಟರ್ ಎತ್ತರದಲ್ಲಿ. ಒಳಗೆ ಆಲಿಕೆ, ಆಲಿಕೆಯ ಕೆಳಗೆ ನೀರು ತುಂಬುವ ಬಾಟಲಿ. ಆ ಬಾಯಿಯ ಮೂಲಕ 944 ಮಿ.ಮೀ. ಇಳಿದರೆ ಹತ್ತೊಂಬತ್ತು ಲೀಟರಿಗೆ ಹತ್ತಿರ ನೀರು, ಒಂದು ದೊಡ್ಡ ಕೊಡದಷ್ಟು. ಬಾಟಲಿಯಲ್ಲಿ ಅಷ್ಟು ಹಿಡಿಸುವುದಿಲ್ಲ. ಅದಕ್ಕೇ ಜೋರು ಮಳೆಯಿರುವಾಗ ವೀಕ್ಷಕರು ಎಂಟೂವರೆಗೆಂದು ಕಾಯದೆ ನಡುನಡುವೆ ಹೋಗಿ ಅಳೆದು ಖಾಲಿ ಮಾಡಿ, ಎಲ್ಲವನ್ನೂ ಕೂಡಿಸಬೇಕು. ಇನ್ನೊಂದು ಬಗೆಯ ಮಾಪಕ ತಾನೇ ಬರೆದುಕೊಳ್ಳುತ್ತದೆ. ಗಡಿಯಾರದ ಜೊತೆ ತಿರುಗುವ ಡ್ರಮ್ಮಿಗೆ ಸುತ್ತಿದ ಕಾಗದ, ಅದರ ಮೇಲೆ ಶಾಯಿಯ ಲೇಖನಿ. ಒಳಗಿನ ತೇಲುಬುರುಡೆ ಏರಿದಂತೆ ಗೆರೆ ಏರುತ್ತದೆ. ಹತ್ತು ಮಿಲಿಮೀಟರ್ ತುಂಬಿತೋ, ನೀರು ಸೈಫನ್ನಿನ ಮೂಲಕ ಒಮ್ಮೆಗೇ ಹೊರಗೆ ಹೋಗಿ ಲೇಖನಿ ಧೊಪ್ಪನೆ ಸೊನ್ನೆಗೆ ಇಳಿಯುತ್ತದೆ. ಸಾಧಾರಣ ಮಳೆಯ ದಿನ ಆ ಕಾಗದದ ಮೇಲೆ ನಾಲ್ಕೈದು ಗುಡ್ಡ ಕಾಣುತ್ತವೆ. ಆ ದಿನ ಸಾಂತಾಕ್ರೂಜ್‌ನಲ್ಲಿ ಒಂದು ಗಂಟೆಯಲ್ಲಿ ಬಿದ್ದದ್ದು ಸುಮಾರು 190 ಮಿ.ಮೀ. ಅಂಥ ಗಂಟೆಯಲ್ಲಿ ಲೇಖನಿ ಮೂರು ನಿಮಿಷಕ್ಕೊಮ್ಮೆ ಮೇಲಿಂದ ಕೆಳಕ್ಕೆ ಬೀಳಬೇಕು. ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಕಾಗದದ ಮೇಲೆ ನೀಲಿ ಪಟ್ಟಿಯೇ ಆಗಿಬಿಡುತ್ತದೆ. ನೀರು ಹೊರಗೆ ಹೋಗುತ್ತಿರುವ ಕೆಲವು ಸೆಕೆಂಡುಗಳಲ್ಲಿ ಬೀಳುವ ಮಳೆ ಲೆಕ್ಕಕ್ಕೇ ಸಿಗುವುದಿಲ್ಲ. ದಶಮಾಂಶದ ಆ ‘.2’ ಅನ್ನು ನೋಡಿದಾಗಲೆಲ್ಲ ನನಗೆ ಅದನ್ನು ಬರೆದ ಕೈಯ ಬಗ್ಗೆ ಗೌರವ ಬರುತ್ತದೆ, ಅಂಕಿಯ ನಿಖರತೆಯ ಬಗ್ಗೆ ಅಷ್ಟಲ್ಲ.

ಆಗಿನ ಪತ್ರಿಕೆಗಳಲ್ಲಿ ‘ನೂರು ವರ್ಷಗಳಲ್ಲೇ ಅತಿ ಹೆಚ್ಚು’ ಎಂಬ ಧಾಟಿಯ ಮಾತು ಸಾಕಷ್ಟು ಬಂತು. ಸಾಂತಾಕ್ರೂಜ್ ಕೇಂದ್ರಕ್ಕೇ ಆಗ ನೂರು ವರ್ಷ ಆಗಿರಲಿಲ್ಲ! ಅದು ವಿಮಾನಗಳ ಕಾಲದ ಕೂಸು. ನೂರು ವರ್ಷ ದಾಟಿದ್ದು ಕೊಲಾಬಾ. ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಅಲ್ಲಿ ವೀಕ್ಷಣಾಲಯ ಕಟ್ಟಿಸಿದ್ದು ನಕ್ಷತ್ರ ನೋಡಿ ಹಡಗುಗಳಿಗೆ ಸರಿಯಾದ ಹೊತ್ತು ಹೇಳಲು. 1841ರಿಂದ ಅಲ್ಲಿ ಹವೆ ಮತ್ತು ಭೂಕಾಂತತೆಯ ಅಳತೆ ಶುರುವಾಯಿತು. ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ, ಅಂದರೆ ಕೊಲಾಬಾದ ರಿಜಿಸ್ಟರು ಇಲಾಖೆಗಿಂತ ಹಿರಿಯದು. 1896ರಲ್ಲಿ ಕೊಲಾಬಾ ವೀಕ್ಷಣಾಲಯದ ಮೊದಲ ಭಾರತೀಯ ನಿರ್ದೇಶಕರಾದ ನಾನಾಭಾಯ್ ಮೂಸ್ ಅವರ ಕಾಲದಲ್ಲಿ ಒಂದು ಇಕ್ಕಟ್ಟು ಬಂತು. ಮುಂಬಯಿಯಲ್ಲಿ ಕುದುರೆ ಟ್ರಾಮ್ ಹೋಗಿ ಕರೆಂಟಿನ ಟ್ರಾಮ್ ಬರುವುದಿತ್ತು, ಬಂದರೆ ಕಾಂತಮಾಪಕಗಳ ಸೂಜಿ ನೆಟ್ಟಗೆ ನಿಲ್ಲುವುದಿಲ್ಲ. ಟ್ರಾಮನ್ನು ತಡೆಯುವ ಹಾಗಿಲ್ಲ. ಕೊನೆಗೆ ಕಾಂತತೆಯ ಅಳತೆಯನ್ನು 1904ರಲ್ಲಿ ಕಡಲಾಚೆಯ ಅಲೀಬಾಗಿಗೆ ಸಾಗಿಸಿದರು. ನನಗೆ ಇದರಲ್ಲಿ ಇಷ್ಟವಾದದ್ದು ಸಾಗಿಸಿದ ರೀತಿ: ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು, ಹಳೆಯ ಸರಣಿಗೂ ಹೊಸ ಸರಣಿಗೂ ಹೊಂದಾಣಿಕೆ ಇದೆಯೇ ನೋಡಿಕೊಂಡು, ಆಮೇಲೆ ಕೊಲಾಬಾದ್ದನ್ನು ನಿಲ್ಲಿಸಿದರು. ನಮ್ಮ ಎಷ್ಟು ಊರುಗಳಲ್ಲಿ ಮಳೆಮಾಪಕವನ್ನು ತಾಲೂಕು ಕಚೇರಿಯ ಈ ಮೂಲೆಯಿಂದ ಆ ಮೂಲೆಗೆ ಎತ್ತಿಡುವಾಗ ಯಾರಾದರೂ ಇಷ್ಟು ಯೋಚನೆ ಮಾಡಿದ್ದಾರು?

ಕೊಲಾಬಾದ ಇಷ್ಟುದ್ದದ ಸರಣಿಯಲ್ಲಿ ಒಂದು ದಿನದ ದಾಖಲೆ 575.6 ಮಿ.ಮೀ., 1974ರ ಜುಲೈ 5ರದ್ದು. 2020ರ ಆಗಸ್ಟ್ 5ರಂದು ಸುಂಟರಗಾಳಿಯಂಥ ಗಾಳಿಯೂ ಸೇರಿ ಬಂದ ಮಳೆಯಲ್ಲಿ ಕೊಲಾಬಾ 331.8 ದಾಖಲಿಸಿತು, ಸಾಂತಾಕ್ರೂಜ್ 162.3. ಸರಿಯಾಗಿ ಉಲ್ಟಾ. ಆವತ್ತು ತೆಂಕಣ ಮುಂಬಯಿಯ ಸರದಿ. (ಅದೂ ಬರೆದದ್ದು ಮರುದಿನ 6ರ ಪುಟದಲ್ಲಿ ಅನ್ನುವುದನ್ನು ಈಗ ಹೇಳಬೇಕಾಗಿಲ್ಲ.) ಹಾಗಾದರೆ ‘ಮುಂಬಯಿಯ ದಾಖಲೆ’ ಅಂದರೆ ಯಾವುದು? ಎರಡು ಬಾಯಿಗಳ ಅಡಿ ಬಿದ್ದ ಮಳೆ. ಊಟದ ತಟ್ಟೆಗಿಂತ ಚಿಕ್ಕ ಎರಡು ಬಾಯಿ, ಎರಡು ಕೋಟಿ ಜನರ ಊರಿಗೆ.

ಇನ್ನು ತಾರೀಖಿನ ವಿಚಾರ. ‘ಜುಲೈ 26ರಂದು ಬಿದ್ದ ಅತಿ ಹೆಚ್ಚು ಮಳೆ’, ‘ಏಪ್ರಿಲ್ ಇಂಥಾ ತಾರೀಖಿನ ಅತಿ ಹೆಚ್ಚು ಉಷ್ಣಾಂಶ’ ಎಂಬಂಥ ದಾಖಲೆಗಳು ಎಷ್ಟು ಅಗ್ಗ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಅಳೆಯಲು ಶುರು ಮಾಡಿದ ಮೊದಲ ವರ್ಷ ಏನು ಬರೆದರೂ ಅದೇ ದಾಖಲೆ. ಎರಡನೇ ವರ್ಷ ಅದು ಮುರಿಯುವ ಸಾಧ್ಯತೆ ಎರಡರಲ್ಲಿ ಒಂದು, ಮೂರನೇ ವರ್ಷ ಮೂರರಲ್ಲಿ ಒಂದು, ನೂರನೇ ವರ್ಷ ನೂರರಲ್ಲಿ ಒಂದು. ಹವೆ ಏನೂ ಬದಲಾಗುತ್ತಿಲ್ಲ ಎಂದಿಟ್ಟುಕೊಂಡು ಈ ಭಿನ್ನರಾಶಿಗಳನ್ನು ಕೂಡಿದರೆ ನೂರೈವತ್ತು ವರ್ಷಕ್ಕೆ ಬರುವ ಮೊತ್ತ ಐದೂವರೆ ಚಿಲ್ಲರೆ. ಅಂದರೆ ಒಂದು ತಾರೀಖಿನ ದಾಖಲೆ ಒಂದೂವರೆ ಶತಮಾನದಲ್ಲಿ ಐದಾರು ಸಲ ಬರೆಯಲ್ಪಡುತ್ತದೆ, ಅದರಲ್ಲಿ ಹೆಚ್ಚಿನವು ಮೊದಲ ಇಪ್ಪತ್ತು ಮೂವತ್ತು ವರ್ಷಗಳಲ್ಲೇ. ಈಗ ಇದನ್ನೇ ತಿರುಗಿಸಿ ನೋಡಿ. ವರ್ಷಕ್ಕೆ ತಾರೀಖುಗಳು 365. ಎಪ್ಪತ್ತೈದು ವರ್ಷ ಹಳೆಯ ಕೇಂದ್ರದಲ್ಲಿ ಪ್ರತಿ ತಾರೀಖಿಗೂ ಈ ವರ್ಷ ದಾಖಲೆ ಮುರಿಯುವ ಸಾಧ್ಯತೆ ಎಪ್ಪತ್ತೈದರಲ್ಲಿ ಒಂದು. ಗುಣಿಸಿದರೆ ವರ್ಷಕ್ಕೆ ಐದು ತಾರೀಖುಗಳು ‘ಹೊಸ ದಾಖಲೆ’, ಸುಮ್ಮನೆ, ಏನೂ ಆಗದೆ! ಸೆಖೆಗೆ ಐದು, ಚಳಿಗೆ ಐದು. ವರದಿಗಾರರಿಗೆ ಸುದ್ದಿಯ ಬರವೇ ಇಲ್ಲ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವ ಹಾಗೂ ಇಲ್ಲ. ಹವೆ ಬದಲಾಗದಿದ್ದರೆ ಸೆಖೆಯ ದಾಖಲೆಗಳೂ ಚಳಿಯ ದಾಖಲೆಗಳೂ ಸಮಸಮ ಬರಬೇಕು. ಅಮೆರಿಕದ ಕೇಂದ್ರಗಳ ತಾರೀಖುವಾರು ದಾಖಲೆಗಳನ್ನು ರಾಶಿ ಹಾಕಿ ನೋಡಿದ 2009ರ ಒಂದು ಅಧ್ಯಯನದಲ್ಲಿ ಆ ದಶಕದಲ್ಲಿ ಸೆಖೆಯ ದಾಖಲೆಗಳು ಚಳಿಯದಕ್ಕಿಂತ ಎರಡು ಪಟ್ಟು ಎಂದು ಕಂಡಿತು. ಒಂದೊಂದೇ ತಾರೀಖು ಹಿಡಿದರೆ ಏನೂ ಹೇಳದ ಅಂಕಿಗಳು ರಾಶಿಯಲ್ಲಿ ಬಾಯಿ ಬಿಟ್ಟವು. ತಾರೀಖಿನ ದಾಖಲೆಗೆ ಇರುವ ನಿಜವಾದ ಉಪಯೋಗ ಅದು ಎಂದು ನನ್ನ ಅಭಿಪ್ರಾಯ.

ತಿಂಗಳ ದಾಖಲೆ ಸ್ವಲ್ಪ ತೂಕದ್ದು. 2024ರ ಜೂನ್ 2ರ ಭಾನುವಾರ ಬೆಂಗಳೂರಿನಲ್ಲಿ 111.1 ಮಿ.ಮೀ. ಬಿದ್ದು, ಜೂನ್ ತಿಂಗಳ ಒಂದು ದಿನದ 133 ವರ್ಷದ ದಾಖಲೆ ಮುರಿಯಿತು. ಹಳೆಯದು 1891ರ ಜೂನ್ 16ರ 101.6. ಈ 101.6 ಎಂಬುದನ್ನು 25.4ರಿಂದ ಭಾಗಿಸಿ ನೋಡಿ: ಸರಿಯಾಗಿ ನಾಲ್ಕು ಇಂಚು. ಮೆಟ್ರಿಕ್ ಬರುವ ಮೊದಲಿನ ಅಳತೆಗಳೆಲ್ಲ ಇಂಚಿನಲ್ಲಿದ್ದವು, ಆಮೇಲೆ ಪರಿವರ್ತಿಸಿದ್ದು. ಕೊಲಾಬಾದಲ್ಲಿ 2025ರ ಮೇ ತಿಂಗಳ ಮಳೆ ಮುರಿದ ಹಳೆಯ ದಾಖಲೆ 1918ರ ಮೇ ತಿಂಗಳದ್ದು, 279.4 ಮಿ.ಮೀ. ಅದೂ ಸರಿಯಾಗಿ ಹನ್ನೊಂದು ಇಂಚು. ಕಾಕತಾಳೀಯವೇ ಇರಬಹುದು, ಇಂಚಿನ ನೂರನೇ ಒಂದು ಭಾಗದವರೆಗೆ ಅಳೆಯುತ್ತಿದ್ದ ಕಾಲ ಅದು. ಆದರೂ ಹಳೆಯ ಪಟ್ಟಿಗಳಲ್ಲಿ ಹೀಗೆ ದುಂಡು ಇಂಚುಗಳನ್ನು ಹುಡುಕುವುದು ನನಗೊಂದು ಉಪಚಟವಾಗಿದೆ. ದಶಮಾಂಶದ ಬಟ್ಟೆ ತೊಟ್ಟ ಹಳೆಯ ಇಂಚುಗಳು.

ಚಿಕ್ಕಪ್ಪ ‘ಆಟಿಯಲ್ಲಿ’ ಅಂದದ್ದಕ್ಕೂ ಇಲ್ಲೊಂದು ಜಾಗವಿದೆ. ಜುಲೈ 26 ತುಳುನಾಡಿನ ಲೆಕ್ಕದಲ್ಲಿ ಆಟಿ ತಿಂಗಳು, ಘಟ್ಟದ ಮೇಲಿನ ರೈತರ ಲೆಕ್ಕದಲ್ಲಿ ಪುಷ್ಯ ಮಳೆ. ನಮ್ಮವರು ಮಳೆಯನ್ನು ಒಂದು ತಾರೀಖಿಗೆ ಕಟ್ಟಿಹಾಕಲೇ ಇಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳನ್ನು ಒಂದೊಂದು ಮಳೆ ಎಂದು ಕರೆದರು: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಸೌರ ಲೆಕ್ಕವಾದ್ದರಿಂದ ಇವು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ವರ್ಷ ವರ್ಷ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬರುತ್ತವೆ. ಪುಷ್ಯ ಜುಲೈ 20ರ ಸುಮಾರಿಗೆ ಹುಟ್ಟಿ ಆಗಸ್ಟ್ ಮೊದಲ ದಿನಗಳಲ್ಲಿ ಮುಗಿಯುತ್ತದೆ. ಹವಾಮಾನ ಶಾಸ್ತ್ರದವರು ಕೂಡ ಒಂದು ತಾರೀಖಿನ ಸರಾಸರಿ ಹೇಳಬೇಕಾದಾಗ ಆಚೀಚಿನ ಕೆಲವು ದಿನಗಳನ್ನು ಸೇರಿಸಿ ನಯಗೊಳಿಸುತ್ತಾರೆ, ಇಲ್ಲದಿದ್ದರೆ ಒಂದೇ ಒಂದು 2005 ಬಂದು ಇಡೀ ಸರಾಸರಿಯನ್ನು ಕೆಡಿಸಿಬಿಡುತ್ತದೆ. ಮೂವತ್ತು ವರ್ಷದ ಸರಾಸರಿಯಲ್ಲಿ 944ನ್ನು ಮೂವತ್ತರಿಂದ ಭಾಗಿಸಿದರೂ ಅದೊಂದೇ ವರ್ಷದ ಪಾಲು ಮೂವತ್ತೊಂದು ಮಿಲಿಮೀಟರ್. ಪಕ್ಕದ ತಾರೀಖುಗಳ ನಡುವೆ 27 ಏಕಾಏಕಿ ಎದ್ದು ನಿಲ್ಲುತ್ತದೆ, ಆ ದಿನಕ್ಕೇ ಏನೋ ಶಾಪ ಇದ್ದ ಹಾಗೆ. ಶಾಪವೂ ಇಲ್ಲ, ಏನೂ ಇಲ್ಲ. ಹದಿನಾಲ್ಕು ದಿನಗಳ ಪುಷ್ಯದಲ್ಲಿ ಹಾಕಿ ನೋಡಿದರೆ ಆ ಗೂಟ ಅಷ್ಟು ಚುಚ್ಚುವುದಿಲ್ಲ. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎಂಬ ಗಾದೆ ಕಟ್ಟಿದವರು ಯಾವ ಇಸವಿಯ ಯಾವ ಪ್ರವಾಹ ನೋಡಿದ್ದರೋ, ಇಸವಿ ಬಿಟ್ಟು ನಕ್ಷತ್ರ ಉಳಿಸಿಕೊಂಡರು.

ಆದರೂ ಈ ತಾರೀಖಿಗೆ ಮುಂಬಯಿಯವರು ಹೆದರುವುದರಲ್ಲಿ ತಪ್ಪಿಲ್ಲ ಅನ್ನಿಸುವ ಘಟನೆಗಳೂ ಆಗಿವೆ. 2019ರ ಜುಲೈ 26ರ ರಾತ್ರಿ ಮುಂಬಯಿ ಬಿಟ್ಟ ಕೊಲ್ಹಾಪುರದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ–ವಾಂಗಣಿ ನಡುವೆ ಉಲ್ಹಾಸ ನದಿಯ ನೀರಿನಲ್ಲಿ ಸಿಕ್ಕಿಕೊಂಡಿತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಮರುದಿನ ದೋಣಿಗಳಲ್ಲಿ ಇಳಿಸಬೇಕಾಯಿತು. ಟಿ.ವಿ.ಯವರಿಗೆ ಹಬ್ಬ: ‘ಮತ್ತೆ ಅದೇ ದಿನ!’ ಜುಲೈ ಕೊನೆಯ ವಾರ ಕೊಂಕಣದಲ್ಲಿ ಯಾವ ದಿನ ತಾನೇ ಅಂಥದ್ದಕ್ಕೆ ಅರ್ಹವಲ್ಲ? 2017ರ ಮುಳುಗಡೆ ಆದದ್ದು ಆಗಸ್ಟ್ 29ಕ್ಕೆ, ಸಾಂತಾಕ್ರೂಜ್ 331.4. 2019ರಲ್ಲೇ ಜುಲೈ 2ರ ಬೆಳಗಿನ ಓದು 375.2. ಆ ತಾರೀಖುಗಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ.

ಈಗ ಅಂತರಜಾಲದಲ್ಲಿ ಊರು ಮತ್ತು ತಾರೀಖು ಒತ್ತಿದರೆ ಹವೆಯ ಇತಿಹಾಸ ಕೊಡುವ ತಾಣಗಳು ಬೇಕಾದಷ್ಟಿವೆ. ಅವುಗಳಲ್ಲಿ ಹಲವು ಮಳೆಮಾಪಕದಿಂದ ಬಂದ ಅಂಕಿ ಕೊಡುವುದಿಲ್ಲ. ಹಳೆಯ ವೀಕ್ಷಣೆಗಳನ್ನೆಲ್ಲ ಕಂಪ್ಯೂಟರ್ ಮಾದರಿಗೆ ಉಣಿಸಿ ಭೂಮಿಯನ್ನು ಇಪ್ಪತ್ತೈದು ಮೂವತ್ತು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ, ಚೌಕಕ್ಕೊಂದು ಮಳೆ ಹಂಚಿದ ಅಂಕಿ ಕೊಡುತ್ತವೆ. ಕೊಲಾಬಾದಿಂದ ಸಾಂತಾಕ್ರೂಜಿಗೆ ಇರುವುದೇ ಅಷ್ಟು ದೂರ. ಎಪ್ಪತ್ತಮೂರಕ್ಕೂ ಒಂಬೈನೂರ ನಲವತ್ತನಾಲ್ಕಕ್ಕೂ ಒಂದೇ ಚೌಕದಲ್ಲಿ ಜಾಗ ಮಾಡಿಕೊಟ್ಟರೆ ಉಳಿಯುವುದು ಎರಡೂ ಕಡೆ ಬೀಳದ ಯಾವುದೋ ಒಂದು ಮಳೆ. ಅದನ್ನು ಜುಲೈ 26ಕ್ಕೆ ಹಾಕುತ್ತಾರೋ 27ಕ್ಕೆ ಹಾಕುತ್ತಾರೋ ಅದು ಆ ತಾಣದ ಮರ್ಜಿ, ಗ್ರೀನಿಚ್ ನಡುರಾತ್ರಿಗೆ ದಿನ ಬದಲಿಸಿದರೆ ನಮ್ಮ ಬೆಳಗಿನ ಐದೂವರೆಗೆ ದಿನ ಬದಲು.

ಚರಂಡಿ ಕಟ್ಟುವ ಎಂಜಿನಿಯರಿಗಾದರೋ ದಿನದ ಮೊತ್ತವೇ ಬೇಕಾಗಿಲ್ಲ. ಅವರು ಕೇಳುವುದು ಗಂಟೆಗೆ ಎಷ್ಟು, ಹದಿನೈದು ನಿಮಿಷಕ್ಕೆ ಎಷ್ಟು, ಆಗ ಕಡಲು ಭರತದಲ್ಲಿತ್ತೋ ಇಳಿತದಲ್ಲಿತ್ತೋ. ಮುಂಬಯಿಯ ಹಳೆಯ ಮಳೆನೀರು ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಇಳಿತದ ಹೊತ್ತಿಗೆ ಕಟ್ಟಿದವು. 2005ರಲ್ಲಿ ಗಂಟೆಗೆ 190 ಬೀಳುವ ಹೊತ್ತಿಗೆ ಕಡಲು ಭರತದಲ್ಲಿತ್ತು. ಮಧ್ಯಾಹ್ನ ನಾಲ್ಕರ ಸುಮಾರಿಗೆ ಭರತದ ಎತ್ತರ ನಾಲ್ಕೂವರೆ ಮೀಟರಿಗೆ ಹತ್ತಿರ. ನೀರು ಹೊರಗೆ ಹೋಗುವ ಬದಲು ಕಡಲೇ ಚರಂಡಿಯೊಳಗೆ ಬಂತು. ಚರಂಡಿಗಳನ್ನು ಗಂಟೆಗೆ 50 ಮಿ.ಮೀ.ಗೆ ಹಿಗ್ಗಿಸಬೇಕು, ಕಡಲಂಚಿನಲ್ಲಿ ಪಂಪಿಂಗ್ ಸ್ಟೇಷನ್ ಕಟ್ಟಬೇಕು ಎಂಬ ‘ಬ್ರಿಮ್‌ಸ್ಟೊವಾಡ್’ ವರದಿ 1993ರಲ್ಲೇ ತಯಾರಾಗಿತ್ತು. ಹನ್ನೆರಡು ವರ್ಷ ಅದು ಕಪಾಟಿನಲ್ಲಿತ್ತು. ಮಳೆಯ ಮರುವರ್ಷ ಊರಿನ ಅಗ್ನಿಶಾಮಕ ಠಾಣೆಗಳ ಮೇಲೆ ಸ್ವಯಂಚಾಲಿತ ಮಳೆಮಾಪಕಗಳು ಬಂದವು, ಬಾಯಿ ಎರಡಿದ್ದದ್ದು ಹತ್ತಾರು ಆದವು. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್, ಕ್ಲೀವ್‌ಲ್ಯಾಂಡ್ ಬಂದರ್, ಬ್ರಿಟಾನಿಯಾ, ಗಜ್‌ಧರ್‌ಬಂಧ್ ಪಂಪುಗಳು ಒಂದೊಂದಾಗಿ ಶುರುವಾದವು. ಮೊಗ್ರಾ ಮತ್ತು ಮಾಹುಲ್ ಪಂಪುಗಳ ಕೆಲಸ ಮಾತ್ರ ಜಾಗದ ತಕರಾರಿನಲ್ಲಿ ವರ್ಷಗಟ್ಟಲೆ ಕೂತಿತು.